ಲಾಗಿನ್ ಆಗುವ ಮೊದಲು ಒಂದು ಮರದ ತುಂಡು

ಹೋದ ವರ್ಷ ಮಗಳ ಶಾಲೆಯ ಫೀಸ್ ಕಟ್ಟಲು ಕಂಪ್ಯೂಟರ್ ಮುಂದೆ ಕೂತಿದ್ದೆ. ಐದನೇ ಕ್ಲಾಸಿನ ಹುಡುಗಿ. ಪಕ್ಕದಲ್ಲೇ ನಿಂತು ಪರದೆ ನೋಡುತ್ತಿದ್ದಳು. "ಅಪ್ಪಾ, ಲಾಗ್ ಅಂದ್ರೆ ಮರದ ದಿಮ್ಮಿ ಅಂತ ಮಿಸ್ ಹೇಳಿದ್ರು. ಹಾಗಾದ್ರೆ ಲಾಗಿನ್ ಅಂದ್ರೆ ದಿಮ್ಮಿ ಒಳಗೆ ಹೋಗೋದಾ?" ಅಂದಳು.

ಸರ್ವರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಹದಿನೈದು ವರ್ಷವಾಯಿತು. ದಿನಕ್ಕೆ ಇಪ್ಪತ್ತು ಸಲ ಲಾಗಿನ್ ಆಗುತ್ತೇನೆ, ಗಂಟೆಗಟ್ಟಲೆ ಲಾಗ್, ಅಂದರೆ ಯಂತ್ರ ಬರೆದಿಟ್ಟ ದಾಖಲೆ, ಓದುತ್ತೇನೆ. ಈ ಪ್ರಶ್ನೆ ಮಾತ್ರ ಯಾವತ್ತೂ ಹೊಳೆದಿರಲಿಲ್ಲ. ಹುಡುಕುತ್ತಾ ಹೋದಾಗ ಗೊತ್ತಾಯಿತು, ಮಗಳ ಮಾತು ತಪ್ಪೇನಲ್ಲ. ಲಾಗಿನ್‌ನಲ್ಲಿರುವ ಲಾಗ್ ನಿಜಕ್ಕೂ ಮರದ ತುಂಡೇ. ನಾವಿಕರು ಅದನ್ನು ಸಮುದ್ರಕ್ಕೆ ಎಸೆಯುತ್ತಿದ್ದರು.

ಯಾಕೆ ಎಸೆಯುತ್ತಿದ್ದರು?

ಹಾಯಿಹಡಗಿನ ಕಾಲವನ್ನು ನೆನೆಸಿಕೊಳ್ಳಿ. ಸುತ್ತ ನೀರು, ಮೇಲೆ ಆಕಾಶ. ರಸ್ತೆಯಲ್ಲಿರುವಂತೆ ಮೈಲಿಗಲ್ಲು ಇಲ್ಲ, ಊರಿನ ಬೋರ್ಡಿಲ್ಲ. ನಾವು ಉತ್ತರಕ್ಕೆ ಎಷ್ಟಿದ್ದೇವೆ, ದಕ್ಷಿಣಕ್ಕೆ ಎಷ್ಟಿದ್ದೇವೆ ಎಂಬುದನ್ನು ಸೂರ್ಯ ಅಥವಾ ಧ್ರುವ ನಕ್ಷತ್ರದ ಎತ್ತರ ನೋಡಿ ಹೇಳಬಹುದಿತ್ತು. ಪೂರ್ವ ಪಶ್ಚಿಮದ ಲೆಕ್ಕ ಅಷ್ಟು ಸುಲಭಕ್ಕೆ ಸಿಗುತ್ತಿರಲಿಲ್ಲ. ಹಡಗಿನಲ್ಲೂ ಸರಿಯಾಗಿ ನಡೆಯುವ ಗಡಿಯಾರ ಬಂದದ್ದು 18ನೇ ಶತಮಾನದಲ್ಲಿ. ಅಲ್ಲಿಯವರೆಗೆ ನಾವಿಕರಿಗೆ ಇದ್ದದ್ದು ಒಂದೇ ದಾರಿ. ಯಾವ ದಿಕ್ಕಿಗೆ ಹೋಗುತ್ತಿದ್ದೇವೆ, ಎಷ್ಟು ವೇಗದಲ್ಲಿ, ಎಷ್ಟು ಹೊತ್ತಿನಿಂದ? ಈ ಮೂರು ಗೊತ್ತಿದ್ದರೆ ನಿನ್ನೆ ಇದ್ದ ಜಾಗದಿಂದ ಇವತ್ತಿನ ಜಾಗವನ್ನು ನಕ್ಷೆಯ ಮೇಲೆ ಗುರುತಿಸಬಹುದು.

ದಿಕ್ಕಿಗೆ ದಿಕ್ಸೂಚಿ ಇತ್ತು. ಹೊತ್ತಿಗೆ ಮರಳು ಗಡಿಯಾರ ಇತ್ತು. ವೇಗಕ್ಕೆ ಏನು ಮಾಡುವುದು?

ಬಸ್ಸಿನಲ್ಲಿ ಕೂತವರಿಗೆ ಬಸ್ಸು ಓಡುವುದು ಗೊತ್ತಾಗುವುದು ರಸ್ತೆ ಬದಿಯ ಮರಗಳು ಹಿಂದಕ್ಕೆ ಹೋಗುವುದರಿಂದ. ಸಮುದ್ರದ ಮಧ್ಯೆ ಹಿಂದಕ್ಕೆ ಹೋಗಲು ಮರವೇ ಇಲ್ಲ. ಹಾಗಾಗಿ ನಾವಿಕರು ಮರವನ್ನು ತಾವೇ ಇಟ್ಟುಕೊಂಡು ಹೋದರು. ನಿಂತಲ್ಲೇ ನಿಲ್ಲುವ ಒಂದು ತುಂಡನ್ನು ನೀರಿಗೆ ಹಾಕು, ಅದರಿಂದ ಹಡಗು ಎಷ್ಟು ದೂರ ಸರಿಯಿತು ನೋಡು. ಇಷ್ಟೇ ಉಪಾಯ. ತೀರಾ ಸರಳ ರೂಪದಲ್ಲಿ, ಹಡಗಿನ ಮುಂಭಾಗದಲ್ಲಿ ಒಂದು ಮರದ ಚೂರು ಎಸೆದು, ಅದು ಹಿಂಭಾಗ ದಾಟಲು ಎಷ್ಟು ಹೊತ್ತು ಹಿಡಿಯಿತು ಎಂದು ಎಣಿಸುತ್ತಿದ್ದರು. ಹಡಗಿನ ಉದ್ದ ಗೊತ್ತೇ ಇದೆ, ಹೊತ್ತೂ ಗೊತ್ತಾಯಿತು, ವೇಗ ಸಿಕ್ಕಿತು. ಆದರೆ ಹಡಗಿನ ಉದ್ದವೇ ಕಡಿಮೆ. ಎಣಿಕೆಯಲ್ಲಿ ಅರೆಕ್ಷಣ ತಪ್ಪಿದರೂ ಲೆಕ್ಕ ದೊಡ್ಡದಾಗಿ ಕೆಡುತ್ತದೆ.

ಆಗ ಆ ತುಂಡಿಗೆ ಹಗ್ಗ ಕಟ್ಟಿದರು. ಇಂಗ್ಲೆಂಡಿನ ವಿಲಿಯಂ ಬೋರ್ನ್ ಎಂಬಾತ 1574ರಲ್ಲಿ ನಾವಿಕರಿಗಾಗಿ ಬರೆದ ಪುಸ್ತಕದಲ್ಲಿ ಇದರ ವಿವರ ಇದೆ. ಮುಂದಿನ ಮುನ್ನೂರು ವರ್ಷ ಈ ಉಪಕರಣ ಹೆಚ್ಚು ಬದಲಾಗದೆ ಉಳಿಯಿತು. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕೆಂದರೆ ಇದರ ಒಂದೊಂದು ಭಾಗದಲ್ಲೂ ಯಾರದೋ ಕೈಯ ಬುದ್ಧಿ ಇದೆ.

ಲಾಗ್ ಅಂದರೆ ದೊಡ್ಡ ದಿಮ್ಮಿ ಏನಲ್ಲ. ತೆಳುವಾದ ಹಲಗೆ. ದುಂಡನೆಯ ರೊಟ್ಟಿಯನ್ನು ನಾಲ್ಕು ಭಾಗ ಮಾಡಿದರೆ ಒಂದು ಭಾಗ ಹೇಗಿರುತ್ತದೋ ಆ ಆಕಾರ. ದುಂಡಗಿರುವ ಅಂಚಿಗೆ ಸೀಸ ಜಡಿದಿರುತ್ತಿದ್ದರು. ಆ ಭಾರಕ್ಕೆ ಹಲಗೆ ನೀರಿನಲ್ಲಿ ಮಲಗದೆ ನೆಟ್ಟಗೆ ನಿಲ್ಲುತ್ತದೆ. ಮೂರು ಮೂಲೆಗೂ ಮೂರು ಗಿಡ್ಡ ಹಗ್ಗ. ಮೂರೂ ಸೇರುವಲ್ಲಿ ಉದ್ದದ ಹಗ್ಗ ಶುರು. ಮೂರರಲ್ಲಿ ಒಂದನ್ನು ಗಂಟು ಹಾಕದೆ ಸಣ್ಣ ಮರದ ಬೆಣೆಯಿಂದ ಸಿಕ್ಕಿಸಿರುತ್ತಿದ್ದರು. ಕೆಲಸ ಮುಗಿದ ಮೇಲೆ ಹಗ್ಗವನ್ನು ಜೋರಾಗಿ ಒಮ್ಮೆ ಜಗ್ಗಿದರೆ ಬೆಣೆ ಕಳಚುತ್ತದೆ, ಹಲಗೆ ಮಲಗುತ್ತದೆ, ಸುಲಭವಾಗಿ ಎಳೆದುಕೊಳ್ಳಬಹುದು. ನೆಟ್ಟಗೆ ನಿಂತ ಹಲಗೆಯನ್ನು ಓಡುವ ಹಡಗಿಗೆ ಎಳೆದುಕೊಳ್ಳುವುದು ಸುಮ್ನೆ ಮಾತಲ್ಲ.

ಕೆಲಸಕ್ಕೆ ಮೂವರು ಬೇಕು. ಒಬ್ಬ ಹಗ್ಗ ಸುತ್ತಿದ ಉರುಳೆಯನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿಯುತ್ತಾನೆ. ಗಾಳಿಪಟದ ದಾರದ ಉರುಳೆಯ ಹಾಗೆ ಅದು ತಾನಾಗಿ ತಿರುಗುತ್ತದೆ. ಇನ್ನೊಬ್ಬನ ಕೈಯಲ್ಲಿ ಮರಳು ಗಡಿಯಾರ, ಹೆಚ್ಚಾಗಿ 28 ಸೆಕೆಂಡಿನದು. ಮೂರನೆಯವನು ಹಡಗಿನ ಹಿಂಭಾಗದಿಂದ ಹಲಗೆಯನ್ನು ನೀರಿಗೆ ಎಸೆಯುತ್ತಾನೆ. ಮೊದಲ ಒಂದಿಷ್ಟು ಹಗ್ಗವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಡಗು ಕಲಕಿದ ನೀರನ್ನು ದಾಟಿ ಹಲಗೆ ನೆಲೆ ನಿಲ್ಲಬೇಕಲ್ಲ. ಆ ಹಗ್ಗ ಮುಗಿಯುವಲ್ಲಿ ಒಂದು ಬಟ್ಟೆಯ ಚೂರು ಕಟ್ಟಿರುತ್ತದೆ. ಬಟ್ಟೆ ಕೈ ದಾಟಿದ ತಕ್ಷಣ "ತಿರುಗಿಸು" ಎಂಬ ಕೂಗು. ಮರಳು ಸುರಿಯಲು ಶುರು. ಹಗ್ಗ ಕೈಯೊಳಗಿಂದ ಓಡುತ್ತಿರುತ್ತದೆ, ಅದರಲ್ಲಿ ಅಳತೆ ಮಾಡಿ ಹಾಕಿದ ಗಂಟುಗಳು ಒಂದೊಂದಾಗಿ ಬೆರಳಿಗೆ ತಾಕಿ ಹೋಗುತ್ತವೆ. ಒಂದು, ಎರಡು, ಮೂರು. ಮರಳು ಮುಗಿಯಿತು, "ನಿಲ್ಲಿಸು". ಐದು ಗಂಟು ಹೋಗಿದ್ದರೆ ಹಡಗಿನ ವೇಗ ಐದು ಗಂಟು. ಇಂಗ್ಲಿಷಿನಲ್ಲಿ ಗಂಟಿಗೆ ನಾಟ್. ಇವತ್ತಿಗೂ ಹಡಗು, ವಿಮಾನಗಳ ವೇಗವನ್ನು ನಾಟ್‌ನಲ್ಲಿ ಹೇಳುವುದು ಇದಕ್ಕೇ.

ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಗಂಟುಗಳ ನಡುವಿನ ಅಂತರ. ಅದು 47 ಅಡಿ 3 ಅಂಗುಲ. ಯಾಕೆ ಇಷ್ಟೇ? ಒಂದು ಗಂಟೆಗೆ 3600 ಸೆಕೆಂಡ್. ಬ್ರಿಟಿಷರ ಲೆಕ್ಕದಲ್ಲಿ ಒಂದು ಸಮುದ್ರ ಮೈಲಿಗೆ 6080 ಅಡಿ. 3600 ಸೆಕೆಂಡಿಗೆ 6080 ಅಡಿಯಾದರೆ 28 ಸೆಕೆಂಡಿಗೆ ಎಷ್ಟು? ಲೆಕ್ಕ ಹಾಕಿ ನೋಡಿ, 47 ಅಡಿ 3 ಅಂಗುಲದ ಸುತ್ತಲೇ ಬರುತ್ತದೆ. ಅಂದರೆ ಆ ಗಾಜಿನಲ್ಲಿ ಮರಳು ಸುರಿಯುವಷ್ಟರಲ್ಲಿ ಎಷ್ಟು ಗಂಟು ಹೋಯಿತೋ, ಗಂಟೆಗೆ ಅಷ್ಟು ಸಮುದ್ರ ಮೈಲಿ. ಗುಣಾಕಾರ ಬೇಡ, ಭಾಗಾಕಾರ ಬೇಡ. ಎಲ್ಲ ಲೆಕ್ಕವನ್ನೂ ಹಗ್ಗದಲ್ಲೇ ಕಟ್ಟಿಟ್ಟಿದ್ದರು. ಅಕ್ಷರ ಬಾರದವನೂ ಬೆರಳಲ್ಲಿ ಎಣಿಸಿ ವೇಗ ಹೇಳಬಹುದಿತ್ತು. ವೇಗ ಜಾಸ್ತಿ ಇದ್ದರೆ 14 ಸೆಕೆಂಡಿನ ಗಾಜು ಹಿಡಿದು, ಬಂದ ಸಂಖ್ಯೆಯನ್ನು ಎರಡು ಪಟ್ಟು ಮಾಡಿಕೊಳ್ಳುತ್ತಿದ್ದರು, ಅಷ್ಟೇ.

ನಾಟ್ ಅನ್ನುವುದರಲ್ಲೇ ಗಂಟೆಯ ಲೆಕ್ಕ ಸೇರಿಕೊಂಡಿದೆ. ಹಾಗಾಗಿ "ಗಂಟೆಗೆ 20 ನಾಟ್ ವೇಗ" ಎಂದು ಪತ್ರಿಕೆಗಳಲ್ಲಿ ಬರುವುದು ತಪ್ಪು. 20 ನಾಟ್ ಎಂದರೆ ಸಾಕು.

ಈ ಅಂತರ ಮೊದಲಿನಿಂದ ಹೀಗಿರಲಿಲ್ಲ. ಶುರುವಿನಲ್ಲಿ ಏಳು ಫ್ಯಾದಮ್‌ಗೆ ಒಂದು ಗಂಟು ಹಾಕುತ್ತಿದ್ದರು, ಅಂದರೆ 42 ಅಡಿ. ಫ್ಯಾದಮ್ ಎಂಬ ಅಳತೆ ನಮಗೆ ಹೊಸದೇನಲ್ಲ. ಎರಡೂ ಕೈ ಅಗಲಿಸಿದರೆ ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಎಷ್ಟೋ ಅಷ್ಟು. ಸುಮಾರು ಆರು ಅಡಿ. ಹೂವಿನವರು ಮೊಳ ಹಾಕಿ, ಮಾರು ಹಾಕಿ ಹೂ ಕೊಡುತ್ತಾರಲ್ಲ, ಆ ಮಾರು ಇದೇ. ಹಗ್ಗ ಅಳೆಯುವವರ ಕೈ ಎಲ್ಲ ದೇಶದಲ್ಲೂ ಒಂದೇ ರೀತಿ ಅಗಲುತ್ತದೆ. ಹಳೆಯ ಇಂಗ್ಲಿಷಿನಲ್ಲಿ ಫ್ಯಾದಮ್‌ನ ಮೂಲ ಪದಕ್ಕೆ ಚಾಚಿದ ತೋಳು, ಅಪ್ಪುಗೆ ಎಂಬ ಅರ್ಥವಿತ್ತು.

ಏಳು ಮಾರಿನ ಗಂಟು ತಪ್ಪಾಗಿತ್ತು, ಯಾಕೆಂದರೆ ಮೈಲಿಯೇ ತಪ್ಪಾಗಿತ್ತು. ಆಗ ಮೈಲಿಗೆ 5000 ಅಡಿ ಎಂದು ಹಿಡಿದಿದ್ದರು. ರಿಚರ್ಡ್ ನಾರ್ವುಡ್ ಎಂಬ ಗಣಿತಜ್ಞ 1630ರ ದಶಕದಲ್ಲಿ ಲಂಡನ್ನಿನಿಂದ ಯಾರ್ಕ್‌ವರೆಗಿನ ದೂರವನ್ನು ಅಳೆದ. ಎರಡೂ ಊರಲ್ಲಿ ಸೂರ್ಯನ ಎತ್ತರ ನೋಡಿ, ಭೂಮಿಯ ಒಂದು ಡಿಗ್ರಿ ಎಷ್ಟು ಉದ್ದ ಎಂದು ಲೆಕ್ಕ ಹಾಕಿದ. ಡಿಗ್ರಿಯ ಅರವತ್ತನೇ ಒಂದು ಭಾಗವೇ ಸಮುದ್ರ ಮೈಲಿ. ಅವನಿಗೆ ಬಂದದ್ದು 6120 ಅಡಿ. ಇವತ್ತಿನ ಲೆಕ್ಕಕ್ಕೆ ಅದು ಎಷ್ಟು ಹತ್ತಿರ ನೋಡಿ. ಗಂಟುಗಳನ್ನು ದೂರ ದೂರ ಹಾಕಿ ಎಂದು ಅವನು 1637ರಲ್ಲೇ ಬರೆದ. ಆದರೂ ಬಹಳ ಹಡಗುಗಳಲ್ಲಿ ಹಳೆಯ ಹಗ್ಗವೇ ಉಳಿಯಿತು. ಅದಕ್ಕೆ ಕಾರಣವೂ ಇತ್ತು. ಗಂಟು ಹತ್ತಿರ ಹತ್ತಿರ ಇದ್ದರೆ ಎಣಿಕೆ ಜಾಸ್ತಿ ಬರುತ್ತದೆ. ಹಡಗು ನಿಜವಾಗಿ ಇರುವುದಕ್ಕಿಂತ ಮುಂದಿದೆ ಎಂದು ಅನಿಸುತ್ತದೆ. ಆಗ ನಾವಿಕ ದಡವನ್ನು ಮೊದಲೇ ನಿರೀಕ್ಷಿಸಿ ಎಚ್ಚರವಾಗಿರುತ್ತಾನೆ. ದಡ ಇನ್ನೂ ದೂರ ಇದೆ ಎಂದುಕೊಂಡು ಬಂಡೆಗೆ ಬಡಿಯುವುದಕ್ಕಿಂತ ಇದು ವಾಸಿ.

ಓದಿ ತಿಳಿದದ್ದನ್ನು ಕೈಯಲ್ಲಿ ಮಾಡಿ ನೋಡಬೇಕು ಅನ್ನಿಸಿತು. ಡಿಸೆಂಬರ್ ರಜೆಯಲ್ಲಿ ಹೊನ್ನಾವರಕ್ಕೆ ಹೋದಾಗ ಶರಾವತಿಯಲ್ಲಿ ಒಂದು ಯಂತ್ರದ ದೋಣಿ ಗೊತ್ತು ಮಾಡಿಕೊಂಡೆವು. ಅಷ್ಟು ಉದ್ದದ ಹಗ್ಗ ನಮ್ಮಲ್ಲಿರಲಿಲ್ಲ. ಹಾಗಾಗಿ 10 ಸೆಕೆಂಡಿನ ಲೆಕ್ಕ ಇಟ್ಟುಕೊಂಡೆವು. ಅದಕ್ಕೆ ಗಂಟಿನ ಅಂತರ 5 ಮೀಟರ್ 14 ಸೆಂಟಿಮೀಟರ್. ಹಿಂದಿನ ರಾತ್ರಿ ಮಗಳೂ ನಾನೂ ಟೇಪ್ ಹಿಡಿದು ಗಂಟು ಹಾಕಿದ್ದೆವು. ಹಲಗೆಗೆ ಹಣ್ಣಿನ ಪೆಟ್ಟಿಗೆಯ ತುಂಡು.

ಮೊದಲ ಸಲ ಎಸೆದಾಗ ಕೆಲಸ ಆಗಲಿಲ್ಲ. ಹಲಗೆ ನೀರಿನ ಮೇಲೆ ಅಂಗಾತ ಮಲಗಿತು. ಹಗ್ಗ ಬಿಗಿಯಾದ ತಕ್ಷಣ ದೋಣಿಯ ಹಿಂದೆಯೇ ಜಾರಿಕೊಂಡು ಬಂತು. ದೋಣಿ ನಡೆಸುವ ಅಣ್ಣ ಅಷ್ಟು ಹೊತ್ತು ಸುಮ್ಮನೆ ನೋಡುತ್ತಿದ್ದರು. "ಅದಕ್ಕೆ ಕೆಳಗೆ ಭಾರ ಬೇಕು" ಎಂದು ಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ತೆಗೆದು ಕೊಟ್ಟರು. ಅಂಚಿಗೆ ನಾಲ್ಕು ಗುಂಡು ಕಟ್ಟಿ ಮತ್ತೆ ಎಸೆದೆವು. ಈ ಸಲ ಹಲಗೆ ಎದ್ದು ನಿಂತಿತು. ನೀರಿನಲ್ಲಿ ಯಾರೋ ಗೂಟ ಹೊಡೆದ ಹಾಗೆ ಅಲ್ಲೇ ನಿಂತಿತು. ಹಗ್ಗ ಓಡಿತು. ಮಗಳ ಬೆರಳ ಸಂದಿಯಲ್ಲಿ ಗಂಟುಗಳು ಟಕ್ ಟಕ್ ಎಂದು ತಾಕಿ ಹೋದವು. ನಾಲ್ಕು ಗಂಟು ದಾಟಿ, ಇನ್ನೂ ಒಂದೂವರೆ ಮೀಟರಿನಷ್ಟು ಹಗ್ಗ. ಮೊಬೈಲಿನ ಜಿಪಿಎಸ್ ಗಂಟೆಗೆ 8 ಕಿಲೋಮೀಟರ್ ತೋರಿಸುತ್ತಿತ್ತು. 8 ಕಿಲೋಮೀಟರ್ ಅಂದರೆ 4.3 ನಾಟ್. ಪೆಟ್ಟಿಗೆಯ ಹಲಗೆ, ನೈಲಾನ್ ಹಗ್ಗ, ನಾಲ್ಕು ಸೀಸದ ಗುಂಡು ಉಪಗ್ರಹದ ಮಾತಿಗೆ ಇಷ್ಟು ಹತ್ತಿರ ಬಂದಿದ್ದು ನೋಡಿ ಮೂವರಿಗೂ ಖುಷಿಯಾಯಿತು.

ಈ ಉಪಕರಣಕ್ಕೆ ಒಂದು ಮಿತಿ ಇದೆ, ಅದನ್ನೂ ಹೇಳಬೇಕು. ಹಲಗೆ ನಿಲ್ಲುವುದು ನೀರಿನಲ್ಲಿ, ನೆಲದ ಮೇಲಲ್ಲ. ನೀರೇ ಹರಿಯುತ್ತಿದ್ದರೆ ಹಲಗೆಯೂ ಅದರ ಜೊತೆ ಹರಿಯುತ್ತದೆ, ಹಡಗೂ ಹರಿಯುತ್ತದೆ. ಆ ಸರಿತ ಹಗ್ಗಕ್ಕೆ ಗೊತ್ತಾಗುವುದೇ ಇಲ್ಲ. ಇಂಥ ಸಣ್ಣ ತಪ್ಪುಗಳು ದಿನದಿಂದ ದಿನಕ್ಕೆ ಕೂಡಿಕೊಳ್ಳುತ್ತವೆ. 1707ರ ಅಕ್ಟೋಬರಿನಲ್ಲಿ ಇಂಗ್ಲೆಂಡಿಗೆ ಮರಳುತ್ತಿದ್ದ ಅಡ್ಮಿರಲ್ ಕ್ಲೌಡೆಸ್ಲಿ ಷೋವೆಲ್‌ನ ನೌಕಾಪಡೆ ತಾನಿರುವ ಜಾಗವನ್ನು ತಪ್ಪಾಗಿ ತಿಳಿದು ಸಿಲ್ಲಿ ದ್ವೀಪಗಳ ಬಂಡೆಗಳ ಮೇಲೆ ಹೋಯಿತು. ಒಂದೇ ರಾತ್ರಿ ನಾಲ್ಕು ಹಡಗು ಮುಳುಗಿದವು. ಸಾವಿರಕ್ಕೂ ಹೆಚ್ಚು ಜನ ಸತ್ತರು, ಅಡ್ಮಿರಲ್ ಕೂಡ.

ಇಲ್ಲಿಯವರೆಗೆ ಹೇಳಿದ್ದು ಎಸೆಯುವ ಲಾಗ್. ಬರೆಯುವ ಲಾಗ್ ಹೇಗೆ ಬಂತು?

ಬಂದ ವೇಗವನ್ನು ಎಲ್ಲಾದರೂ ಗುರುತು ಮಾಡಬೇಕಲ್ಲ. ಹಡಗಿನಲ್ಲಿ ಪುಸ್ತಕದ ಹಾಗೆ ಮಡಚುವ ಎರಡು ಹಲಗೆ ಇಟ್ಟಿರುತ್ತಿದ್ದರು. ಒಳಗೆ ಕಪ್ಪು ಬಳಿದಿರುತ್ತದೆ, ಬಳಪದಲ್ಲಿ ಬರೆಯುವುದು. ಗಂಟೆ, ಎಷ್ಟು ನಾಟ್, ಅದರ ಮೇಲೆ ಎಷ್ಟು ಫ್ಯಾದಮ್, ದಿಕ್ಕು, ಗಾಳಿ. ಲಾಗ್ ಎಸೆದು ತಿಳಿದದ್ದನ್ನು ಬರೆಯುವ ಹಲಗೆ, ಆದ್ದರಿಂದ ಅದು ಲಾಗ್ ಬೋರ್ಡ್. ದಿನಕ್ಕೊಮ್ಮೆ ಅದನ್ನು ನೋಡಿ ಪುಸ್ತಕಕ್ಕೆ ಇಳಿಸಿ, ಹಲಗೆ ಒರೆಸುತ್ತಿದ್ದರು. ಆ ಪುಸ್ತಕ ಲಾಗ್ ಬುಕ್. ಬಾಯಿಯಲ್ಲಿ ಸವೆದು ಸವೆದು ಅದೂ ಬರೀ ಲಾಗ್ ಆಯಿತು.

ಮೊದಮೊದಲು ವೇಗ, ದಿಕ್ಕು, ಗಾಳಿಯಷ್ಟೇ ಇದ್ದ ಪುಸ್ತಕಕ್ಕೆ ಒಂದೊಂದೇ ವಿಷಯ ಸೇರಿತು. ಹಾಯಿ ಹರಿಯಿತು. ಕುಡಿಯುವ ನೀರು ಇಷ್ಟು ಉಳಿದಿದೆ. ಒಬ್ಬ ಜ್ವರದಿಂದ ಸತ್ತ, ಸಮುದ್ರಕ್ಕೆ ಇಳಿಸಿದೆವು. ಮುಂದೆ ಏನಾದರೂ ಅನಾಹುತ ಆಗಿ ವಿಚಾರಣೆ ನಡೆದರೆ ಮೊದಲು ಕೇಳುವುದು ಲಾಗ್ ಬುಕ್ಕನ್ನೇ. ಹೀಗಾಗಿ ಅದಕ್ಕೆ ತಾನಾಗಿಯೇ ಒಂದು ಕಟ್ಟು ಬಂತು. ಹೊತ್ತು ಹಾಕಿ ಬರೆಯಬೇಕು. ಆದ ಕೂಡಲೇ ಬರೆಯಬೇಕು. ಬರೆದದ್ದನ್ನು ಅಳಿಸಬಾರದು.

ಈ ಕಟ್ಟನ್ನು ನಾನು ನೋಡಿದ್ದು ಸಮುದ್ರದಿಂದ ನೂರಾರು ಮೈಲಿ ದೂರದಲ್ಲಿ. ನಮ್ಮಪ್ಪ ಒಂದು ಸರ್ಕಾರಿ ಇಲಾಖೆಯಲ್ಲಿ ಜೀಪ್ ಡ್ರೈವರ್ ಆಗಿದ್ದರು. ಜೀಪಿನ ಡ್ಯಾಶ್‌ಬೋರ್ಡಿನಲ್ಲಿ ಉದ್ದನೆಯ ಒಂದು ರಿಜಿಸ್ಟರ್. ಅದರ ಹೆಸರು ಲಾಗ್ ಬುಕ್. ತಾರೀಖು, ಎಲ್ಲಿಂದ ಎಲ್ಲಿಗೆ, ಏನು ಕೆಲಸ, ಹೊರಟಾಗ ಮೀಟರ್ ಎಷ್ಟು, ಮುಟ್ಟಿದಾಗ ಎಷ್ಟು, ಡೀಸೆಲ್ ಎಷ್ಟು, ಕೊನೆಗೆ ಸಾಹೇಬರ ಸಹಿ. ಮಳೆ ಸುರಿಯುತ್ತಿದ್ದರೂ ಅಪ್ಪ ಇಳಿಯುವ ಮೊದಲು ಒಳಗಿನ ದೀಪ ಹಾಕಿ ಬರೆದೇ ಇಳಿಯುತ್ತಿದ್ದರು. "ಮನೆಗೆ ಬಂದು ಬರಿ ಅಪ್ಪಾ" ಎಂದರೆ, "ರಾತ್ರಿ ಬರೆದ್ರೆ ಎರಡು ಕಿಲೋಮೀಟರ್ ಆಚೀಚೆ ಆಗುತ್ತೆ ಮಗಾ" ಅನ್ನುತ್ತಿದ್ದರು. ತಪ್ಪು ಬರೆದರೆ ರಬ್ಬರ್ ಹಾಕುವ ಹಾಗಿಲ್ಲ. ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದ್ದನ್ನು ಬರೆದು ಸಹಿ. ಅಳಿಸಿದ್ದು ಏನು ಎಂಬುದೂ ಕಾಣುತ್ತಿರಬೇಕು.

ಇಂದು ನಾನು ಓದುವ ಸರ್ವರ್ ಲಾಗ್ ಅದೇ ಕಟ್ಟಿನದು. ರಾತ್ರಿ 2 ಗಂಟೆ 14 ನಿಮಿಷ 7 ಸೆಕೆಂಡ್, ಡೇಟಾಬೇಸ್ ಸಿಗುತ್ತಿಲ್ಲ. 8 ಸೆಕೆಂಡ್, ಮತ್ತೆ ಪ್ರಯತ್ನ. 9 ಸೆಕೆಂಡ್, ಮತ್ತೆ ಪ್ರಯತ್ನ. ಸಾಲಿನ ಶುರುವಿನಲ್ಲಿ ಹೊತ್ತು, ಆಮೇಲೆ ಆದದ್ದು. ಹೊಸ ಸಾಲು ಕೆಳಗೆ ಸೇರುತ್ತದೆಯೇ ಹೊರತು ಹಳೆಯದನ್ನು ಯಾರೂ ತಿದ್ದುವುದಿಲ್ಲ. ಏನೋ ಕೆಟ್ಟಿತು ಎಂದು ನಡುರಾತ್ರಿ ಫೋನ್ ಬಂದಾಗ ನಾವು ಮಾಡುವುದೂ ಹಡಗಿನ ವಿಚಾರಣೆಯವರು ಮಾಡುತ್ತಿದ್ದುದನ್ನೇ. ಕೆಡುವ ಮೊದಲು ಏನೇನಾಯಿತು ಎಂದು ಸಾಲು ಸಾಲಾಗಿ ಹಿಂದಕ್ಕೆ ಓದುತ್ತಾ ಹೋಗುವುದು.

ಆದ ಕೂಡಲೇ, ತಿದ್ದದೆ ಬರೆದಿಟ್ಟದ್ದಕ್ಕೆ ಬರೆದವರು ಊಹಿಸದ ಬೆಲೆ ಬರುತ್ತದೆ. ಅಮೆರಿಕದ ನೌಕಾಪಡೆಯ ಅಧಿಕಾರಿ ಮ್ಯಾಥ್ಯೂ ಮೋರಿ 1839ರಲ್ಲಿ ಕುದುರೆಗಾಡಿಯ ಅಪಘಾತದಲ್ಲಿ ಕಾಲು ಮುರಿದುಕೊಂಡ. ಹಡಗಿನ ಕೆಲಸ ತಪ್ಪಿತು. 1842ರಲ್ಲಿ ಅವನಿಗೆ ನಕ್ಷೆಗಳ ಕಚೇರಿಯ ಜವಾಬ್ದಾರಿ ಸಿಕ್ಕಿತು. ಅಲ್ಲಿ ಹಳೆಯ ಲಾಗ್ ಬುಕ್ಕುಗಳ ರಾಶಿ ಬಿದ್ದಿತ್ತು. ಅವನು ಅವನ್ನು ಒಂದೊಂದಾಗಿ ಓದಿಸಿದ. ಯಾವ ತಿಂಗಳಲ್ಲಿ, ಯಾವ ಜಾಗದಲ್ಲಿ, ಗಾಳಿ ಯಾವ ಕಡೆಗೆ? ಸಾವಿರಾರು ನಾವಿಕರ ಬೇರೆ ಬೇರೆ ದಿನಗಳ ಸಾಲುಗಳು ಒಂದೇ ನಕ್ಷೆಯ ಮೇಲೆ ಬಂದಾಗ ಸಮುದ್ರದಲ್ಲಿ ದಾರಿಗಳು ಕಾಣಿಸಿದವು. 1847ರಿಂದ ಆ ನಕ್ಷೆಗಳು ಹೊರಬಂದವು. ಅವನ್ನು ಹಿಡಿದು ಹೊರಟ ಹಡಗುಗಳಿಗೆ ಎಷ್ಟೋ ದಿನ ಉಳಿಯಿತು.

ನಮ್ಮ ಕಡೆಗೂ ಇದರ ನಂಟು ಇದೆ. ಅರಬ್ಬಿ ಸಮುದ್ರದ ಮಾನ್ಸೂನ್ ಗಾಳಿ ಹಿಡಿದು ಬರುತ್ತಿದ್ದ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳ ಲಾಗ್ ಬುಕ್ಕುಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. 1789ರಿಂದ 1834ರ ನಡುವಿನ ನೂರಾರು ಪ್ರಯಾಣಗಳ ಲಾಗ್‌ಗಳಿಂದ ಆಗಿನ ಗಾಳಿಯ ಒತ್ತಡ, ಉಷ್ಣತೆಯ ಅಂಕಿಗಳನ್ನು ಹವಾಮಾನ ಸಂಶೋಧಕರು ಕಂಪ್ಯೂಟರಿಗೆ ಇಳಿಸಿದ್ದಾರೆ. ಆ ಕಾಲದ ಹವೆ ಹೇಗಿತ್ತು ಎಂದು ಹೇಳಲು ನಡುಸಮುದ್ರದಲ್ಲಿ ಬೇರೆ ಯಾರಿದ್ದರು? ದಿನಾ ಮಧ್ಯಾಹ್ನ ಥರ್ಮಾಮೀಟರ್ ನೋಡಿ ಬರೆದ ಆ ಅಧಿಕಾರಿಗಳೇ ಸಾಕ್ಷಿ. ಇನ್ನು ಗಂಟಿನ ಲೆಕ್ಕವಂತೂ ನಮ್ಮ ಕರಾವಳಿಯ ಬದುಕಿನಲ್ಲಿ ಇವತ್ತಿಗೂ ಇದೆ. ಭಾರತದ ಹವಾಮಾನ ಇಲಾಖೆಯ ಪ್ರಕಾರ ಸಮುದ್ರದ ಸುಳಿಗಾಳಿ 34 ನಾಟ್ ಮುಟ್ಟಿದರೆ ಅದಕ್ಕೆ ಚಂಡಮಾರುತ ಎಂಬ ಹೆಸರು. ಗಂಟೆಗೆ ಅರವತ್ತೆರಡು, ಅರವತ್ತಮೂರು ಕಿಲೋಮೀಟರ್.

ಈ ಮಧ್ಯೆ ಎರಡು ಲಾಗ್‌ಗಳನ್ನು ಬೇರೆ ಇಡಬೇಕು, ಗೊಂದಲ ಬೇಡ. ಪಿಯುಸಿಯಲ್ಲಿ ತಿರುವಿ ಹಾಕಿದ ಲಾಗ್ ಟೇಬಲ್ ಈ ಮನೆತನದ್ದಲ್ಲ. ಅದು ಲಾಗರಿದಮ್‌ನ ಗಿಡ್ಡ ರೂಪ. ಜಾನ್ ನೇಪಿಯರ್ 1614ರಲ್ಲಿ ಗ್ರೀಕ್ ಪದಗಳನ್ನು ಕೂಡಿಸಿ ಮಾಡಿದ ಹೆಸರು. ಇಂಜಿನಿಯರಿಂಗ್ ಹುಡುಗರ ಬ್ಯಾಕ್‌ಲಾಗ್ ಮರದ್ದೇ ಹೌದು, ಆದರೆ ಸಮುದ್ರದ್ದಲ್ಲ. ಚಳಿ ದೇಶಗಳಲ್ಲಿ ಮನೆಯ ಬೆಂಕಿಗೂಡಿನ ಹಿಂಬದಿಗೆ ಒಂದು ದೊಡ್ಡ ಕೊರಡು ಇಡುತ್ತಿದ್ದರು, ನಿಧಾನವಾಗಿ ಉರಿಯಲಿ ಎಂದು. ಅದು ಬ್ಯಾಕ್‌ಲಾಗ್. ಹಿಂದೆ ಉಳಿದದ್ದು ಎಂಬ ಅರ್ಥ ಆಮೇಲೆ ಬಂತು.

ಹಡಗಿನ ಲಾಗ್ ಕಂಪ್ಯೂಟರ್ ಕೋಣೆಗೆ ಬಂದದ್ದು ಸಹಜವಾಗಿಯೇ. ಹಡಗಿನ ನಂತರ ಯಂತ್ರಗಳ ಕೋಣೆ, ವಿಮಾನ, ಪ್ರಯೋಗಾಲಯ, ಎಲ್ಲ ಕಡೆ ಲಾಗ್ ಬುಕ್ ಇಡುವ ರೂಢಿ ಇತ್ತು. ಮೊದಲ ಕಂಪ್ಯೂಟರ್‌ಗಳು ಕೋಣೆ ತುಂಬುವಷ್ಟು ದೊಡ್ಡವು. ಅವುಗಳ ಪಕ್ಕದಲ್ಲೂ ಒಂದು ಪುಸ್ತಕ ಇರುತ್ತಿತ್ತು. ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕ್ 2 ಯಂತ್ರದ ಲಾಗ್ ಬುಕ್ಕಿನಲ್ಲಿ 1947ರ ಸೆಪ್ಟೆಂಬರ್ 9ರ ಪುಟಕ್ಕೆ ನಿಜವಾದ ಒಂದು ಪತಂಗವನ್ನು ಟೇಪ್ ಹಾಕಿ ಅಂಟಿಸಿದ್ದಾರೆ. ಯಂತ್ರದ ರಿಲೇಯಲ್ಲಿ, ಅಂದರೆ ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚಿನಲ್ಲಿ, ಸಿಕ್ಕಿಕೊಂಡಿದ್ದ ಹುಳ ಅದು. ಹೊತ್ತು 15:45. ನಿಜವಾದ ಬಗ್ ಸಿಕ್ಕಿದ್ದು ಇದೇ ಮೊದಲು ಎಂದು ಪಕ್ಕದಲ್ಲೇ ಬರೆದಿದ್ದಾರೆ. ತಂತ್ರಾಂಶದ ತಪ್ಪುಗಳಿಗೆ ಬಗ್ ಎನ್ನುವ ಮಾತು ಬಂದಾಗಲೆಲ್ಲ ನೆನೆಸಿಕೊಳ್ಳುವ ಆ ಹುಳ ಈಗ ಅಮೆರಿಕದ ಸ್ಮಿತ್‌ಸೋನಿಯನ್ ಮ್ಯೂಸಿಯಂನ ಸಂಗ್ರಹದಲ್ಲಿ, ಅದೇ ಪುಟದ ಮೇಲೆ ಇದೆ.

1961ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಅವರ ತಂಡ ಒಂದೇ ಕಂಪ್ಯೂಟರನ್ನು ಹಲವರು ಒಟ್ಟಿಗೆ ಬಳಸುವ ವ್ಯವಸ್ಥೆಯನ್ನು ಮಾಡಿ ತೋರಿಸಿದರು. ಅದರ ಹೆಸರು ಸಿಟಿಎಸ್‌ಎಸ್. ಯಂತ್ರದ ಒಂದೊಂದು ನಿಮಿಷಕ್ಕೂ ದುಬಾರಿ ಬೆಲೆ. ಯಾರು ಬಂದರು, ಎಷ್ಟು ಹೊತ್ತು ಬಳಸಿದರು ಎಂಬ ಲೆಕ್ಕ ಇಡಲೇಬೇಕು. ಹಾಗಾಗಿ ಕೂತವರು ಮೊದಲು ಲಾಗಿನ್ ಎಂದು ಟೈಪ್ ಮಾಡಿ ತಮ್ಮ ಗುರುತು, ಪಾಸ್‌ವರ್ಡ್ ಕೊಡಬೇಕಿತ್ತು. ಲಾಗಿನ್ ಅಂದರೆ ಬಾಗಿಲು ತೆಗೆದು ಒಳಗೆ ಹೋಗುವುದಲ್ಲ. ಲಾಗಿನ ಒಳಗೆ ಹೆಸರು ಬರೆಸುವುದು. ಇಂಥವರು ಇಷ್ಟು ಹೊತ್ತಿಗೆ ಬಂದರು ಎಂದು ಪುಸ್ತಕದಲ್ಲಿ ಏರಿಸುವುದು. ಲಾಗೌಟ್ ಅಂದರೆ ಇಷ್ಟು ಹೊತ್ತಿಗೆ ಹೊರಟರು ಎಂದು ಬರೆಯುವುದು. ಮಗಳಿಗೆ ಹೀಗೆ ಹೇಳಿದೆ. "ನಮ್ ಹಾಜರಿ ಥರ" ಎಂದಳು. ಹೌದು, ಹಾಜರಿ ಥರವೇ.

ಬ್ಲಾಗ್ ಕೂಡ ಇದೇ ಕೊರಡಿನ ಚಿಗುರು. ಜೋರ್ನ್ ಬಾರ್ಗರ್ 1997ರ ಡಿಸೆಂಬರಿನಲ್ಲಿ ತನ್ನ ಪುಟಕ್ಕೆ ವೆಬ್‌ಲಾಗ್ ಎಂದು ಹೆಸರಿಟ್ಟ. ವೆಬ್ಬಿನಲ್ಲಿ ದಿನಾ ಕಂಡದ್ದನ್ನು ಬರೆದಿಡುವ ಲಾಗ್. 1999ರಲ್ಲಿ ಪೀಟರ್ ಮೆರ್‌ಹೋಲ್ಜ್ ಅದನ್ನೇ ಬೇರೆ ಕಡೆ ಒಡೆದು 'ವಿ ಬ್ಲಾಗ್' ಎಂದು ಬರೆದ. ವಿ ಕಳಚಿತು, ಬ್ಲಾಗ್ ಉಳಿಯಿತು. ಕನ್ನಡಕ್ಕೆ ಬಂದ ಮೇಲೆ ನಾವು ಅದಕ್ಕೆ ನಮ್ಮ ಬಾಲ ಸೇರಿಸಿ ಬ್ಲಾಗಿಗ ಎಂದೆವು. ಸಮುದ್ರಕ್ಕೆ ಎಸೆದ ಹಲಗೆಯ ಹೆಸರಿಗೆ ಗಾಣಿಗ, ಹೂವಾಡಿಗ ಪದಗಳ ಪ್ರತ್ಯಯ. ಈ ಜೋಡಣೆ ನನಗೆ ತುಂಬಾ ಇಷ್ಟ.

ಹಡಗುಗಳಲ್ಲಿ ಈಗ ಯಾರೂ ಹಲಗೆ ಎಸೆಯುವುದಿಲ್ಲ. 19ನೇ ಶತಮಾನದಲ್ಲಿ ನೀರಿನಲ್ಲಿ ತಿರುಗುವ ಚಕ್ರದ ಉಪಕರಣಗಳು ಬಂದವು, ಆಮೇಲೆ ವಿದ್ಯುತ್ತಿನವು, ಶಬ್ದದ ಅಲೆ ಕಳಿಸಿ ಅಳೆಯುವವು. ಆದರೆ ಹಡಗಿನ ಸಿಬ್ಬಂದಿ ಆ ಉಪಕರಣಕ್ಕೆ ಇವತ್ತಿಗೂ ಸ್ಪೀಡ್ ಲಾಗ್ ಎಂದೇ ಕರೆಯುತ್ತಾರೆ. ಮರ ಹೋಯಿತು, ಹೆಸರು ಉಳಿಯಿತು.

ಮಗಳಿಗೆ ಕೊನೆಯಲ್ಲಿ ಹೇಳಿದ ಕತೆಯನ್ನು ಇಲ್ಲಿಯೂ ಹೇಳುತ್ತೇನೆ. 1969ರ ಅಕ್ಟೋಬರ್ 29ರ ರಾತ್ರಿ. ಕ್ಯಾಲಿಫೋರ್ನಿಯಾದ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ ಲಿಯೊನಾರ್ಡ್ ಕ್ಲೈನ್‌ರಾಕ್ ಅವರ ಪ್ರಯೋಗಾಲಯ. ಮುಂದೆ ಇಂಟರ್‌ನೆಟ್ ಆಗಿ ಬೆಳೆದ ಆರ್ಪಾನೆಟ್ ಜಾಲದಲ್ಲಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಮೊದಲ ಸಂದೇಶ ಕಳಿಸಬೇಕು. ಆ ತುದಿ ನೂರಾರು ಕಿಲೋಮೀಟರ್ ದೂರದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ. ಚಾರ್ಲಿ ಕ್ಲೈನ್ ಎಂಬ ವಿದ್ಯಾರ್ಥಿ ಲಾಗಿನ್ ಎಂದು ಟೈಪ್ ಮಾಡಲು ಕೂತ. ಎಲ್ ಒತ್ತಿದ, ಅಲ್ಲಿ ಎಲ್ ಬಂತು. ಓ ಒತ್ತಿದ, ಓ ಬಂತು. ಜಿ ಒತ್ತುವಷ್ಟರಲ್ಲಿ ಆ ಕಡೆಯ ಯಂತ್ರ ಕೈಕೊಟ್ಟಿತು. ಸರಿಮಾಡಿಕೊಂಡು, ಸುಮಾರು ಒಂದು ಗಂಟೆಯ ನಂತರ ಪೂರ್ತಿ ಲಾಗಿನ್ ಆಯಿತು.

ಇದೆಲ್ಲ ಆದದ್ದಕ್ಕೆ ದಾಖಲೆ ಒಂದು ಪುಸ್ತಕದಲ್ಲಿದೆ. ಯಂತ್ರದ ಪಕ್ಕ ಇಟ್ಟಿದ್ದ ಲಾಗ್. ಕೈಯಲ್ಲಿ ಬರೆದದ್ದು. ತಾರೀಖು, ಅದರ ಮುಂದೆ ಹೊತ್ತು 22:30, ಅದರ ಮುಂದೆ ಸ್ಟ್ಯಾನ್‌ಫರ್ಡಿನ ಯಂತ್ರದೊಂದಿಗೆ ಮಾತಾಡಿದೆವು ಎಂಬ ಒಂದು ಚಿಕ್ಕ ಸಾಲು.